ಜೋಡಿ ಕೇಳಿದ ಕೈ

ನಮ್ಮ ಆಟದ ಮಾಸ್ತರರಿಗೆ ಒಂದು ರೂಢಿಯಿತ್ತು. ನನ್ನ ಮಟ್ಟಿಗೆ ಅದು ಕೆಟ್ಟ ರೂಢಿಯೇ. ಶನಿವಾರದ ಅಭ್ಯಾಸ ಮುಗಿಯುತ್ತಲೇ ಮೈದಾನದ ಅಂಚಿನ ಬೇವಿನ ಮರದ ಕೆಳಗೆ ಹುಡುಗಿಯರನ್ನೆಲ್ಲ ಕೂರಿಸಿ, ಒಬ್ಬೊಬ್ಬಳನ್ನೇ ಎಬ್ಬಿಸಿ ನಿಲ್ಲಿಸಿ, “ನಿನ್ನ ಆಟ ಎಷ್ಟರದು, ನೀನ ಹೇಳು” ಎನ್ನುತ್ತಿದ್ದರು. ಬಿದ್ದು ಎದ್ದು ಮೈಯೆಲ್ಲ ನೋಯುತ್ತಿರುವ ಹೊತ್ತಿಗೆ ಈ ಪಂಚಾಯಿತಿ ಯಾರಿಗೆ ಬೇಕು? ಹೆಚ್ಚಿನವರು ನೆಲ ನೋಡುತ್ತ “ಅಷ್ಟಕ್ಕಷ್ಟರಿ ಸರ್” ಎಂದು ಕೂತುಬಿಡುತ್ತಿದ್ದರು. ಅದಕ್ಕೆ ಅವರ ಉತ್ತರ ಸದಾ ಒಂದೇ: “ವಿನಯ ಮನ್ಯಾಗ ಬಿಟ್ಟು ಬರ್ರಿ. ದನದ ಸಂತ್ಯಾಗ ನಿಂತು ನನ್ನ ಎತ್ತು ಅಷ್ಟಕ್ಕಷ್ಟ ಅನ್ನಾಂವ ಯಾವಾಂವ ಅದಾನ?”

ನನಗೆ ಮಾತ್ರ ಈ ಪ್ರಶ್ನೆ ಕಷ್ಟವೆನಿಸುತ್ತಿರಲಿಲ್ಲ. ಹೆಸರು ಕರೆಯುವ ಮೊದಲೇ ಎದ್ದು ನಿಲ್ಲುತ್ತಿದ್ದೆ. “ನನ್ನ ಕೈಯಾಗ ಸಿಕ್ಕ ಚೆಂಡು ಯಮ ಬಂದ್ರೂ ಬಿಡಂಗಿಲ್ರಿ ಸರ್” ಎನ್ನುತ್ತಿದ್ದೆ. ಉಳಿದವರು ಮೊಣಕೈಯಿಂದ ಒಬ್ಬರನ್ನೊಬ್ಬರು ತಿವಿದು ನಗುತ್ತಿದ್ದರು. ನಗಲಿ ಬಿಡು, ಸುಳ್ಳೇನು ಹೇಳಿದೆ ಎಂಬ ಧಿಮಾಕು ನನ್ನದು. ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯ ಮೇಲೆ; ಧಿಮಾಕು ಅದರ ಪಕ್ಕದಲ್ಲೇ.

ಇದು ಅಣ್ಣಿಗೇರಿಯ ಕಾಲೇಜಿನ ಮಾತು, ನಾಲ್ಕೈದು ವರ್ಷದ ಹಿಂದಿನದು. ನಮ್ಮ ಕಡೆ ಹುಡುಗಿಯರು ಕಬಡ್ಡಿ ಆಡುತ್ತಾರೆ, ಖೋ ಖೋ ಆಡುತ್ತಾರೆ. ರಗ್ಬಿ ಎಂಬ ಆಟವೊಂದಿದೆ ಎಂದು ನಮಗೆ ಗೊತ್ತಾದದ್ದು ಮಾಸ್ತರರು ಎಲ್ಲಿಂದಲೋ ಒಂದು ವಿಚಿತ್ರ ಆಕಾರದ ಚೆಂಡು ತಂದ ದಿನ. ನನ್ನ ಅಜ್ಜಿ ಅದನ್ನು ನೋಡಿ “ಇದ್ಯಾವ ಕೋಳಿ ಇಟ್ಟ ತತ್ತಿನ?” ಎಂದಿದ್ದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ತತ್ತಿ ಚೆಂಡು. ಚೆಂಡನ್ನು ಎತ್ತಿಕೊಂಡು ಎದುರಿನವರ ಗೆರೆಯಾಚೆ ಓಡಿ ನೆಲಕ್ಕೆ ಊರಬೇಕು. ಎದುರಿನವರು ನಿನ್ನನ್ನು ಹಿಡಿದು ಕೆಡವಬೇಕು. ಕೊಡುವುದಿದ್ದರೆ ಚೆಂಡನ್ನು ಹಿಂದಿನವರಿಗೆ ಮಾತ್ರ ಕೊಡಬೇಕು. ಹಿಡಿಯುವುದು, ಕೆಡವುವುದು ಎಂದಮೇಲೆ ಕಬಡ್ಡಿಯವರಿಗೆ ಕಲಿಸುವುದೇನಿದೆ ಎಂದು ಕಬಡ್ಡಿ ತಂಡವನ್ನೇ ಮಾಸ್ತರರು ಹಾಗೇ ಎತ್ತಿ ರಗ್ಬಿಗೆ ಹಾಕಿದ್ದರು. ನಾವು ಮಾಡಿದ ತಪ್ಪುಗಳೆಲ್ಲ ಅಲ್ಲಿಂದಲೇ ಬಂದವು.

ಸುತ್ತಲಿನ ಊರುಗಳಿಂದ ಬಂದವರಾದ್ದರಿಂದ ಮೈದಾನದಲ್ಲಿ ನಮ್ಮನ್ನು ಊರಿನ ಮೇಲೆಯೇ ಕರೆಯುತ್ತಿದ್ದರು. ಕುಂದಗೋಳದಾಕಿ ತೆಳ್ಳಗೆ, ಚುರುಕು, ಬಾಯಿ ಇನ್ನೂ ಚುರುಕು. ನವಲಗುಂದದಾಕಿ ಎತ್ತರದ ಹುಡುಗಿ, ಮಾತು ಕಡಿಮೆ. ಅವರ ಮನೆಯಲ್ಲಿ ಅಮ್ಮಿ, ಚಿಕ್ಕಮ್ಮಂದಿರು ಎಲ್ಲರೂ ಜಮಖಾನ ನೇಯುವವರು. ನೂಲು ಕೂರಿಸಲು ಕಬ್ಬಿಣದ ಪಂಜದಿಂದ ಕುಟ್ಟಿ ಕುಟ್ಟಿ ಚಿಕ್ಕಂದಿನಿಂದಲೇ ಅವಳ ಮುಂಗೈ ಗಂಡಸರ ಮುಂಗೈಯಂತಾಗಿತ್ತು. ಅವಳು ಓಡಿ ಬಂದು ಹಿಡಿದರೆ ಹಿಡಿದಂತೆ ಅನಿಸುತ್ತಿರಲಿಲ್ಲ, ಗೋಡೆ ಬಂದು ಬಿದ್ದಂತೆ ಅನಿಸುತ್ತಿತ್ತು. ನನ್ನ ಊರು ನವಲಗುಂದದ ರಸ್ತೆಯಲ್ಲಿರುವ ಸಣ್ಣ ಹಳ್ಳಿ. ಅದರ ಹೆಸರು ಯಾರ ನೆನಪಿನಲ್ಲೂ ಉಳಿಯದೆ ನಾನು ‘ಪೈಲ್ವಾನರ ಮಗಳು’ ಆದೆ. ಅಪ್ಪ ಒಂದು ಕಾಲಕ್ಕೆ ಕುಸ್ತಿ ಆಡಿದವನು. ಈಗ ಟ್ರ್ಯಾಕ್ಟರ್ ಇಟ್ಟುಕೊಂಡು ಊರವರ ಹೊಲ ಉಳುತ್ತಾನೆ, ಕಿವಿ ಮಾತ್ರ ಇಂದಿಗೂ ಪೈಲ್ವಾನನ ಮುರುಟಿದ ಕಿವಿಯೇ.

ನವಲಗುಂದದಾಕಿಯೂ ನಾನೂ ಒಂದೇ ಬಸ್ಸಿನವರು. ನಾನು ನಡುವೆ ಇಳಿಯುತ್ತಿದ್ದೆ, ಅವಳು ಕೊನೆಯತನಕ. ಅವಳ ಡಬ್ಬಿಯ ಖೀಮಾ ನನಗೆ ನಡೆಯದು, ರೊಟ್ಟಿಗೆ ಹಚ್ಚಿಕೊಳ್ಳುವ ನಮ್ಮ ಮನೆಯ ಶೇಂಗಾ ಹಿಂಡಿ ಅವಳಿಗೆ ಪ್ರಾಣ. ಹೀಗಾಗಿ ನನ್ನ ಡಬ್ಬಿಯನ್ನು ಇಬ್ಬರೂ ತಿನ್ನುತ್ತಿದ್ದೆವು, ಅವಳ ಡಬ್ಬಿಯನ್ನು ಅವಳೊಬ್ಬಳೇ. ಇದು ಯಾವ ನ್ಯಾಯ ಎಂದು ಜಗಳ ತೆಗೆದರೆ ನಕ್ಕುಬಿಡುತ್ತಿದ್ದಳು.

ನನ್ನ ಧಿಮಾಕಿಗೆ ಮೊದಲ ಪೆಟ್ಟು ಬಿದ್ದದ್ದು ಹುಬ್ಬಳ್ಳಿಯಲ್ಲಿ. ಅಲ್ಲಿಯ ತಂಡದ ಮೇಲೆ ಆಡುತ್ತಿದ್ದೆವು. ಆಟ ಮುಗಿಯುವ ಹೊತ್ತು. ಒಂದೇ ಒಂದು ಸಲ ಗೆರೆಯಾಚೆ ಚೆಂಡು ಊರಿದರೆ ನಾವು ಗೆದ್ದಂತೆ. ಚೆಂಡು ನನ್ನ ಕೈಯಲ್ಲಿತ್ತು, ಗೆರೆ ಎದುರಿಗೇ ಇತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕಾಲು ಹಿಡಿದರು, ಮತ್ತೊಬ್ಬಳು ಸೊಂಟ ಹಿಡಿದಳು, ನಾನು ಬಿದ್ದೆ. ರಗ್ಬಿಯಲ್ಲಿ ಹಿಡಿದು ಕೆಡವಿದ ಮೇಲೆ ಮುಗಿಯಿತು. ಬಿದ್ದವಳು ಆ ಕ್ಷಣವೇ ಚೆಂಡು ಬಿಡಬೇಕು, ತನ್ನವರು ಬಂದು ಎತ್ತಿಕೊಳ್ಳುತ್ತಾರೆ. ಆದರೆ ಕಬಡ್ಡಿಯಲ್ಲಿ? ನಾಲ್ಕು ಮಂದಿ ಮೈಮೇಲೆ ಬಿದ್ದಿದ್ದರೂ ತೆವಳಿ ತೆವಳಿ ಬೆರಳ ತುದಿ ಗೆರೆಗೆ ಮುಟ್ಟಿಸಿದರೆ ನೀನು ಬದುಕಿದೆ. ಹತ್ತು ವರ್ಷ ಮೈಗೆ ಇಳಿದ ಪಾಠ ಅದು. ಚೆಂಡನ್ನು ಅವಚಿಕೊಂಡು ತೆವಳತೊಡಗಿದೆ. ನಮ್ಮ ಹುಡುಗಿಯರು “ಬಿಡು, ಬಿಡು” ಎಂದು ಕೂಗುತ್ತಿದ್ದರು. ಅದು ನನ್ನನ್ನು ಹಿಡಿದವರಿಗೆ ಹೇಳುತ್ತಿರುವುದು ಎಂದುಕೊಂಡು ಇನ್ನಷ್ಟು ಜೋರಾಗಿ ತೆವಳಿದೆ. ಸೀಟಿ ಕೂಗಿತು. ಪೆನಾಲ್ಟಿ. ಅವರು ಚೆಂಡು ಎತ್ತಿಕೊಂಡು ಇಡೀ ಮೈದಾನ ಓಡಿ ನಮ್ಮ ಗೆರೆಯಾಚೆ ಊರಿದರು.

ಮರಳುವಾಗ ಟೆಂಪೋದಲ್ಲಿ ಕುಂದಗೋಳದಾಕಿ ಕಿಟಕಿಯ ಕಡೆ ನೋಡುತ್ತಲೇ, “ಕಬಡ್ಡಿ ಆಡಾಕ ಬಂದಿದ್ದೇನ ಬೇ?” ಎಂದಳು. ರೆಫರಿ ಅವರ ಊರಿನವ, ಹುಲ್ಲು ಜಾರುತ್ತಿತ್ತು, ಬೂಟು ಸರಿಯಿರಲಿಲ್ಲ ಎಂದು ನಾನು ಏನೇನೋ ಬಡಬಡಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಅಕ್ಷರಶಃ ನೆಲವನ್ನೇ ಬೈದೆ. ಮುಂದಿನ ಶನಿವಾರ ಮಾಸ್ತರರು ನನ್ನನ್ನು ಎಬ್ಬಿಸಿದಾಗ ಹಳೆಯ ಉತ್ತರವನ್ನೇ ಕೊಟ್ಟೆ. ಈ ಸಲ ಯಾರೂ ನಗಲಿಲ್ಲ. “ಹಿಡಿಯೂದು ಬರ್ತದ ನಿನಗ. ಬಿಡೂದು ಬರೂದಿಲ್ಲ. ಅರ್ಧಾನ ಬರ್ತದ ಅಂದಂಗಾತು ತಂಗಿ” ಎಂದರು. ನಾನು ಉರಿದುಕೊಂಡು ಕೂತೆ. ಆದರೆ ಅಂದಿನಿಂದ ಬೀಳುವುದನ್ನೂ ಬಿಡುವುದನ್ನೂ ಕಲಿಯಲು ಕೂತದ್ದು ನಿಜ.

ಎರಡನೆಯ ಪೆಟ್ಟು ಬೇಸಿಗೆಯಲ್ಲಿ ಬಿತ್ತು. ನಮ್ಮ ಎರೆ ಮಣ್ಣಿನ ಮೈದಾನ ಮಳೆಗಾಲದಲ್ಲಿ ಕಾಲು ಕಚ್ಚಿ ಹಿಡಿಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ. ಅಂಥ ಕಲ್ಲಿನ ಮೇಲೆ ಒಂದು ಸಂಜೆ ಅಭ್ಯಾಸದಲ್ಲಿ ನಾನು ಚೆಂಡು ಹಿಡಿದು ಓಡುತ್ತಿದ್ದೆ. ನವಲಗುಂದದಾಕಿ ಬಲಗಡೆಯಿಂದ ಬಂದಳು. ನಿಯಮದ ಪ್ರಕಾರವೇ ಹಿಡಿದಳು, ಅದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ನಾನು ಕಲಿತದ್ದನ್ನೆಲ್ಲ ಮರೆತು, ಚೆಂಡು ಬಿಡದೆ, ಕೈ ಊರದೆ, ನೇರ ಬಲಭುಜದ ಮೇಲೆ ಹೋಗಿ ಬಿದ್ದೆ. ಒಣ ತೊಗರಿ ಕಟ್ಟಿಗೆ ಮುರಿದ ಸಪ್ಪಳವಾಯಿತು. ಕತ್ತಿನ ಕೆಳಗಿನ ಎಲುಬು.

ಹುಬ್ಬಳ್ಳಿಯ ಆಸ್ಪತ್ರೆ, ಕೊರಳಿಗೆ ತೂಗು ಹಾಕಿದ ಕೈ, ಮನೆಯಲ್ಲಿ ಅವ್ವನ ಸಹಸ್ರನಾಮ. ಅವ್ವ ಮಾಸ್ತರರಿಂದ ಹಿಡಿದು ಆ ಚೆಂಡು ಮಾಡಿದವನ ತನಕ ಯಾರನ್ನೂ ಬಿಡದೆ ಬೈದಳು. ನವಲಗುಂದದಾಕಿ ಒಂದು ದಿನ ನಮ್ಮೂರಲ್ಲಿ ಬಸ್ಸು ಇಳಿದು ಬಂದಳು. ಬಾಗಿಲ ಬಳಿಯೇ ಕೂತಳು. ಅವ್ವ ಚಹಾ ಕೊಟ್ಟರೆ ಬಟ್ಟಲು ಹಿಡಿದುಕೊಂಡೇ ಅತ್ತಳು. ನನಗೆ ಅಳುವವರನ್ನು ಸಮಾಧಾನ ಮಾಡಲು ಬರುವುದಿಲ್ಲ. “ಛಲೋ ಹಿಡಿದಿ ಬಿಡ ಬೇ. ಹುಬ್ಬಳ್ಳ್ಯಾಗ ಅವರನ್ನ ಹಿಂಗ ಹಿಡಿದಿದ್ರ ಗೆಲ್ತಿದ್ವಿ” ಎಂದೆ. ಅವಳು ಇನ್ನೂ ಹೆಚ್ಚು ಅತ್ತಳು.

ಎಲುಬು ಕೂಡಿತು, ಜಾಗದಲ್ಲಿ ಒಂದು ಗಂಟು ಉಳಿಯಿತು. ಹಿಂಗಾರಿ ಕಡಲೆ ಬಿತ್ತುವ ಹೊತ್ತಿಗೆ ನಾನು ಮೈದಾನಕ್ಕೆ ಮರಳಿದ್ದೆ. ಓಡುತ್ತಿದ್ದೆ, ಚೆಂಡು ಹಿಡಿದು ಕೊಡುತ್ತಿದ್ದೆ. ಆದರೆ ಹಿಡಿದು ಕೆಡವುವ ಅಭ್ಯಾಸ ಬಂದಾಗ ಮಾಸ್ತರರು ನನ್ನನ್ನು ಹೊರಗೆ ನಿಲ್ಲಿಸುತ್ತಿದ್ದರು. “ಇನ್ನ ಎಂಟ ದಿನ ತಡಿ” ಎನ್ನುತ್ತಿದ್ದರು. ಆ ಎಂಟು ದಿನ ಮುಗಿಯುತ್ತಲೇ ಇರಲಿಲ್ಲ. ಬೇವಿನ ನೆರಳಲ್ಲಿ ಉಳಿದವರ ನೀರಿನ ಬಾಟಲಿ ಕಾಯುತ್ತ ನಿಲ್ಲುವುದಕ್ಕಿಂತ ಎಲುಬು ಮುರಿದದ್ದೇ ಮೇಲಾಗಿತ್ತು ಎನಿಸುತ್ತಿತ್ತು.

ಅಷ್ಟರಲ್ಲಿ ರಾಜ್ಯ ಮಟ್ಟದ ಪಂದ್ಯದ ಸುದ್ದಿ ಬಂತು. ಆಡುವವರು ಏಳು, ಹೊರಗೆ ಕೂರುವವರು ಸೇರಿ ಹನ್ನೆರಡು ಮಂದಿಯನ್ನು ಒಯ್ಯಬೇಕು, ಇದ್ದವರು ಅದಕ್ಕಿಂತ ಹೆಚ್ಚು. ನನ್ನದು ಡಿಗ್ರಿಯ ಕೊನೆಯ ವರ್ಷ. ಕಾಲೇಜು ಬಿಟ್ಟ ಮೇಲೆ ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ರಗ್ಬಿ ತಂಡ ಎಲ್ಲಿದೆ? ಈ ಸಲ ಹೋಗದಿದ್ದರೆ ನನ್ನ ಆಟ ಬೇವಿನ ಮರದ ಕೆಳಗೇ ಮುಗಿದಂತೆ. ಹೇಗಾದರೂ ಸೇರಲೇಬೇಕಿತ್ತು.

ಮಾಸ್ತರರು ಹೇಳಿದರು: “ನಾ ಸುಮ್ನ ಯಾರನ್ನೂ ಆರಸೂದಿಲ್ಲ. ಬರೂ ಐತವಾರ ಜೋಡಿ ಹಿಡೀರಿ. ನಿಮ್ಮ ಆಟ ಎಷ್ಟರದು ಅನ್ನೂದು ನೀವು ಯಾರ ಮುಂದ ಕೈ ಚಾಚ್ತೀರಿ ಅನ್ನೂದ್ರಾಗ ಗೊತ್ತಾಕ್ಕೈತಿ.”

ಜೋಡಿ ಹಿಡಿಯುವುದೆಂದರೆ ಕುಸ್ತಿಯವರ ಪದ್ಧತಿ. ಹಳ್ಳಿಯ ಕುಸ್ತಿಯಲ್ಲಿ ಯಾರನ್ನೂ ತೂಕಕ್ಕೆ ಹಾಕುವುದಿಲ್ಲ. ಊರೂರಿಂದ ಬಂದ ಪೈಲ್ವಾನರು ಕಣದ ಸುತ್ತ ನಿಂತಿರುತ್ತಾರೆ. ಒಬ್ಬ ಸುತ್ತು ಬಂದು, ತನಗೆ ಸಮ ಎನಿಸಿದವನ ಮುಂದೆ ನಿಂತು ಕೈ ಚಾಚುತ್ತಾನೆ. ಅವನು ಕೈ ಹಿಡಿದರೆ ಜೋಡಿಯಾಯಿತು. ತನಗಿಂತ ಸಣ್ಣವನ ಮುಂದೆ ಕೈ ಚಾಚಿದರೆ ನಗೆಪಾಟಲು. ತೀರ ದೊಡ್ಡವನ ಮುಂದೆ ಚಾಚಿದರೆ ಬೆನ್ನಿಗೆ ಮಣ್ಣು. ಎದುರಿನವನು ಕೈ ಹಿಡಿಯದೆ ಹೋದರೆ ಅದು ಎಲ್ಲಕ್ಕಿಂತ ದೊಡ್ಡ ಅವಮಾನ. ಊರಿಗೆ ಊರೇ ನೋಡುತ್ತಿರುತ್ತದೆ.

ಶನಿವಾರ ಸಂಜೆ ಅಪ್ಪ ಟ್ರ್ಯಾಕ್ಟರ್ ನಿಲ್ಲಿಸಿ ಕೈಕಾಲು ತೊಳೆದು ಬಂದವನು ನನ್ನ ಪಕ್ಕ ಕೂತ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ಯಾರನ್ನ ಕೇಳ್ತಿ?” ಎಂದ.

“ಇನ್ನೂ ನೋಡಿಲ್ಲಪ್ಪಾ.”

ಅವನು ಹೆಬ್ಬೆರಳಿನಿಂದ ನನ್ನ ಎಲುಬಿನ ಗಂಟನ್ನು ಒತ್ತಿ ನೋಡಿದ. ಕಾಳು ಒಣಗಿದೆಯೇ ಎಂದು ನೋಡುವವರ ಹಾಗೆ.

“ಅಂಜಿಕಿ ಐತೇನು?”

“ಇಲ್ಲ.”

“ಇಲ್ಲ ಅನ್ನೂದು ಭಾಳ ಲಗೂನ ಅಂದಿ” ಎಂದ ಅಪ್ಪ.

“ಸಾಕ್ ಮಾಡ್ರಿ ನಿಮ್ಮ ಪೈಲ್ವಾನಕಿ! ಜಟ್ಟಿ ಜಾರಿ ಬಿದ್ರೂ ಮೀಸಿ ಮಣ್ಣಾಗಲಿಲ್ಲ ಅನ್ನೂ ಮಂದಿ ನೀವು. ಈಕೀಗೆ ಮೀಸೀನೂ ಇಲ್ಲ” ಎಂದು ಅವ್ವ ಒಲೆಯ ಕಡೆಯಿಂದಲೇ ಹರಿಹಾಯ್ದಳು. ನಾವಿಬ್ಬರೂ ನಕ್ಕೆವು. ಏಳುವಾಗ ಅಪ್ಪ ಒಂದು ಮಾತು ಹೇಳಿದ: “ಸಣ್ಣಾಕೀನ ಕೇಳು, ದೊಡ್ಡಾಕೀನ ಕೇಳು, ಅದು ನಿನಗ ಬಿಟ್ಟದ್ದು. ಆದ್ರ ಚಾಚಿದ ಕೈ ಹಿಂದಕ್ಕ ತಗೀಬ್ಯಾಡ.”

ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಚಪ್ಪಲಿಗಳನ್ನು ಸಾಲಾಗಿ ಇಟ್ಟು ಎರಡು ಗೆರೆ ಮಾಡಿದ್ದರು. ಜೋಡಿಯಾದವರಲ್ಲಿ ಒಬ್ಬಳು ಚೆಂಡು ಹಿಡಿದು ಒಂದು ಗೆರೆಯಿಂದ ಇನ್ನೊಂದಕ್ಕೆ ಓಡಬೇಕು, ಇನ್ನೊಬ್ಬಳು ಎದುರಿನಿಂದ ಬಂದು ಕೆಡವಬೇಕು. ಆಮೇಲೆ ಅದಲು ಬದಲು. ಅಷ್ಟೇ ಪರೀಕ್ಷೆ.

ಒಂದೊಂದೇ ಜೋಡಿ ಆಗುತ್ತಾ ಬಂತು. ಕೈ ಚಾಚುವುದು, ಹಿಡಿಯುವುದು, ಓಡುವುದು, ಧಡ್ ಎಂದು ಬೀಳುವುದು. ಪ್ರತಿ ಸಲ ಯಾರಾದರೂ ಬಿದ್ದಾಗ ನನ್ನ ಬಲಭುಜ ತನ್ನಷ್ಟಕ್ಕೆ ತಾನೇ ಮೇಲೇಳುತ್ತಿತ್ತು. ಅದನ್ನು ಯಾರಾದರೂ ನೋಡಿದರೇ ಎಂದು ಅತ್ತಿತ್ತ ನೋಡುತ್ತಿದ್ದೆ. ಮಾಸ್ತರರು ನೋಡಿದರು. “ಪೈಲ್ವಾನರ ಮಗಳು, ಬರ್ತಿ?” ಎಂದರು. ಬರುತ್ತೀಯೋ ಬಿಡುತ್ತೀಯೋ ಎಂಬಂಥ ದನಿ. ಎದ್ದೆ.

ಕುಂದಗೋಳದಾಕಿ ಇನ್ನೂ ಜೋಡಿಯಾಗಿರಲಿಲ್ಲ. ಅವಳ ಬಾಯಿ ಎಷ್ಟೇ ಕೆಟ್ಟದ್ದಿರಲಿ, ನನ್ನನ್ನು ನೋಡಿ ಕೈಯನ್ನು ಸ್ವಲ್ಪ ಮುಂದೆ ತಂದಳು. ಹಿಡಿ, ನನ್ನ ಕೈ ಹಿಡಿದರೆ ನಿನಗೆ ಸುಲಭ ಎಂಬಂತೆ. ತೂಕದಲ್ಲಿ ಅವಳು ನನಗಿಂತ ಕಡಿಮೆ. ಹಿಡಿದರೆ ಕೆಡವುತ್ತಿದ್ದೆ, ಬಿದ್ದರೂ ಮೆತ್ತಗೆ ಬೀಳುತ್ತಿದ್ದೆ. ತಂಡದಲ್ಲಿ ಸೇರುತ್ತಿದ್ದೆನೇನೋ. ಒಂದು ಗಳಿಗೆ ನಿಂತೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವಳನ್ನು ದಾಟಿ ಹೋಗಿ ನವಲಗುಂದದಾಕಿಯ ಮುಂದೆ ಕೈ ಚಾಚಿದೆ.

ಅವಳು ನನ್ನ ಕೈ ನೋಡಿದಳು. ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

“ಒಲ್ಲೆ” ಎಂದಳು.

“ಯಾಕ?”

“ನೀ ನನ್ನ ಜೋಡಿ ಅಲ್ಲ.”

ನನ್ನ ಕಿವಿ ಕಾದ ಹಂಚಾಯಿತು. ಒಂದೇ ಡಬ್ಬಿಯಲ್ಲಿ ಉಂಡವಳು, ನನ್ನ ಹಿಂಡಿ ತಿಂದು ಬೆಳೆದವಳು, ಎಲ್ಲರ ಮುಂದೆ ನೀನು ನನಗೆ ಸಮವಲ್ಲ ಎನ್ನುತ್ತಿದ್ದಾಳೆ! ಕೈ ಹಿಂದಕ್ಕೆ ತೆಗೆದು ಅವಳ ಕಪಾಳಕ್ಕೆ ಹಾಕುವಷ್ಟು ಸಿಟ್ಟು ಬಂತು. ಅಪ್ಪನ ಮಾತು ನೆನಪಾಯಿತು. ಕೈ ಹಾಗೇ ಹಿಡಿದೆ. ಮೈದಾನದಾಚೆ ಗದಗಿನ ಕಡೆಗೆ ಗೂಡ್ಸ್ ಗಾಡಿಯೊಂದು ಹೊರಟಿತ್ತು. ಡಬ್ಬಿಯ ಹಿಂದೆ ಡಬ್ಬಿ ಹೋಗುತ್ತಲೇ ಇತ್ತು, ಅದರ ಸದ್ದಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಚಾಚಿದ ಕೈ ನೋಯತೊಡಗಿತು. ಬಲಗೈ ಅದು, ಮುರಿದ ಭುಜದ ಕೈ. ಎಡಗೈಯಿಂದ ಅದರ ಮೊಣಕೈಗೆ ಆಸರೆ ಕೊಟ್ಟೆ, ಅವಳು ನೋಡುತ್ತಿದ್ದಳು.

ಗಾಡಿ ಹೋದ ಮೇಲೆ ನಾನೇ ಅಂದೆ: “ಭುಜ ನಂದು. ಮುರಿದ್ರ ನಂದು ಮುರೀತೈತಿ. ನಿನಗೇನು?”

“ಮುರದಾಗಿನ ಸಪ್ಪಳ ನನ್ನ ಕಿವ್ಯಾಗ ಐತಿ” ಎಂದಳು ಅವಳು. ದನಿ ಸಣ್ಣದಾಗಿತ್ತು. “ಪಂಜಾ ಕುಟ್ಟೂವಾಗೂ ಅದ ಕೇಳಸ್ತೈತಿ. ಅಮ್ಮಿ ಯಾಕ ನಿಂತಿ ಅಂತ ಬೈತಾಳ. ನಿನ್ನ ಒಬ್ಬಾಕೀನ ಬಿಟ್ಟು ಯಾರು ಬೇಕಾದ್ರೂ ಕೇಳ್ಲಿ, ಹಿಡೀತೀನಿ.”

ನನ್ನ ಸಿಟ್ಟಿಗೆ ಏನು ಮಾಡಬೇಕೋ ತಿಳಿಯದೆ ಹೋಯಿತು. ಇವಳು ನನ್ನನ್ನು ಕಡಿಮೆ ಎಂದದ್ದಲ್ಲ. ಆದರೂ ಕನಿಕರ ಬೇಡವಾಗಿತ್ತು ನನಗೆ. ಕನಿಕರಪಟ್ಟು ಹೊರಗಿಟ್ಟವರನ್ನು ಬೈಯಲೂ ಬರುವುದಿಲ್ಲ.

ಮಾಸ್ತರರು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು. “ಕೈ ಕೊಡೂದು ಬಿಡೂದು ನಿಂದು, ತಂಗಿ” ಎಂದು ಅವಳಿಗೆ ಹೇಳಿದರು. “ಆದ್ರ ಕೈ ಚಾಚೂದು ಒಬ್ಬರ ಮುಂದ, ಒಮ್ಮೆ ಅಷ್ಟ. ನೀ ಒಲ್ಲೆ ಅಂದ್ರ ಇಕಿ ಜೋಡಿ ಇಲ್ಲದ ಉಳೀತಾಳ. ಜೋಡಿ ಇಲ್ಲದವರನ್ನ ನಾ ಒಯ್ಯೂದಿಲ್ಲ.”

ಅವಳು ಬೆನ್ನ ಹಿಂದಿನ ಕೈ ತೆಗೆದು ನನ್ನ ಬೆರಳ ತುದಿಗಳನ್ನಷ್ಟೇ ಹಿಡಿದಳು.

ಮೊದಲು ಅವಳು ಓಡುವುದು, ನಾನು ಕೆಡವುವುದು. ಅದು ನನಗೆ ಗೊತ್ತಿದ್ದ ವಿದ್ಯೆ. ಎಡಭುಜ ಕೊಟ್ಟು, ಕಾಲು ಸೇರಿಸಿ ಹಿಡಿದೆ, ಗೋಡೆ ಬಿತ್ತು. ಹುಡುಗಿಯರು ಓ ಎಂದರು. ಈಗ ನನ್ನ ಸರದಿ. ಚೆಂಡು ಹಿಡಿದು ಓಡಿದೆ. ಅವಳು ಬಂದಳು, ಹಿಡಿದಳು, ನಾನು ಬಿದ್ದೆ. ಬಿದ್ದದ್ದೇನು, ತೊಟ್ಟಿಲಲ್ಲಿ ಮಲಗಿಸಿದಂತಿತ್ತು. ಎಲ್ಲರಿಗೂ ಕಂಡಿತು. ನಾನು ಎದ್ದು ಕಿರುಚಿದೆ: “ಬಾಣಂತಿ ಹಿಡಿದಂಗ ಹಿಡಿಬ್ಯಾಡ ಬೇ! ಹಿಡಿಯೂದಿದ್ರ ಹಿಡಿ, ಇಲ್ಲಾಂದ್ರ ಮನೀಗೆ ನಡಿ!”

ಅವಳ ಮುಖ ಬಿಗಿಯಿತು. “ಮತ್ತೊಮ್ಮೆ ಓಡು” ಎಂದಳು.

ಓಡಿದೆ. ಈ ಸಲ ಅವಳು ನಿಜವಾಗಿ ಬಂದಳು, ಬಲಗಡೆಯಿಂದ, ಬೇಸಿಗೆಯ ಆ ಸಂಜೆ ಬಂದ ಹಾಗೆಯೇ. ಅವಳ ಹೆಗಲು ತಗ್ಗಿದ್ದು ಕಂಡಿತು. ಮುಂದಿನದು ಬಿದ್ದ ಸದ್ದು, ಬಾಯಲ್ಲಿ ಮಣ್ಣು. ಭುಜವನ್ನು ಮೆಲ್ಲಗೆ ಅಲುಗಿಸಿ ನೋಡಿದೆ. ಏನೂ ಆಗಿರಲಿಲ್ಲ. ಚೆಂಡು ಅಷ್ಟು ದೂರ ಉರುಳಿ ಹೋಗಿತ್ತು. ಅಂಥ ಹೊಡೆತಕ್ಕೆ ಚೆಂಡು ಹಾರದೆ ಇರುತ್ತದೆಯೇ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಕುಂದಗೋಳದಾಕಿಯೂ ತಟ್ಟಿದಳು.

“ಭಲೆ! ಭುಜ ಗಟ್ಟಿ ಐತಿ. ನೀ ಬರ್ತಿ” ಎಂದರು ಮಾಸ್ತರರು.

ಅಷ್ಟು ದಿನ ಕಾದಿದ್ದ ಮಾತು. ಕುಣಿಯಬೇಕಿತ್ತು ನಾನು. ನವಲಗುಂದದಾಕಿ ನನ್ನ ಬೆನ್ನಿನ ಮಣ್ಣು ಜಾಡಿಸುತ್ತ ಒಮ್ಮೆ ಮುಖ ನೋಡಿ ಕಣ್ಣು ತೆಗೆದಳು. ಅವಳಿಗೆ ಗೊತ್ತಾಗಿತ್ತು. ಅವಳ ಭುಜ ನನ್ನನ್ನು ಮುಟ್ಟುವ ಮೊದಲೇ ಚೆಂಡು ನನ್ನ ಕೈಯಲ್ಲಿರಲಿಲ್ಲ. ಹೊಡೆತಕ್ಕೆ ಹಾರಿದ್ದಲ್ಲ ಅದು. ನನ್ನ ಕೈಗಳೇ, ಯಮ ಬಂದರೂ ಬಿಡುವುದಿಲ್ಲ ಎಂದು ಪ್ರತಿ ಶನಿವಾರ ನಾನು ಹೊಗಳಿದ ಕೈಗಳೇ, ಅವಳನ್ನು ನೋಡಿ ತೆರೆದುಕೊಂಡುಬಿಟ್ಟಿದ್ದವು. ಅವಳು ಅದನ್ನು ಸಾಯುವತನಕ ಯಾರಿಗೂ ಹೇಳುತ್ತಿರಲಿಲ್ಲ. ನಾನೂ ಸುಮ್ಮನಿದ್ದರೆ ಮುಗಿಯುತ್ತಿತ್ತು.

ಸುಮ್ಮನಿರಲು ಬಿಡಬೇಕಲ್ಲ ಆ ಕೆಟ್ಟ ರೂಢಿಯ ಮನುಷ್ಯ. “ಎಲ್ಲಾರ ಮುಂದ ಹೇಳೀಗ, ನಿನ್ನ ಆಟ ಎಷ್ಟರದು?” ಎಂದರು.

ಹಳೆಯ ಉತ್ತರ ನಾಲಿಗೆಯ ಮೇಲೆಯೇ ಇತ್ತು. ನನ್ನ ಕೈಯಾಗ ಸಿಕ್ಕ ಚೆಂಡು, ಎಂದು ಶುರು ಮಾಡಿದೆ. ಮುಂದೆ ಹೋಗಲಿಲ್ಲ. ಈ ಮಾತು ಹೇಳಿ ರಾಜ್ಯ ಪಂದ್ಯಕ್ಕೆ ಹೋಗಿ, ಅಲ್ಲಿ ಬಲಗಡೆಯಿಂದ ಯಾರಾದರೂ ಬಂದರೆ ಏನು ಮಾಡುತ್ತೇನೆ? ನನ್ನ ಹಿಂದೆ ಓಡಿ ಬರುತ್ತಿರುವ ಆರು ಮಂದಿ ಏನಾಗುತ್ತಾರೆ? ಹುಬ್ಬಳ್ಳಿಯ ಟೆಂಪೋ ನೆನಪಾಯಿತು.

“ಆಕಿ ಮುಟ್ಟೂಕಿಂತ ಮೊದಲ ಚೆಂಡು ಬಿಟ್ಟೀನ್ರಿ ಸರ್” ಎಂದೆ. “ಅಂಜಿ ಬಿಟ್ಟೀನ್ರಿ.”

ಯಾರೋ ಹಿಂದೆ ಕೆಮ್ಮಿದರು. ಮಾಸ್ತರರು ಬೆರಳಿಗೆ ಸುತ್ತಿದ್ದ ದಾರವನ್ನು ಬಿಚ್ಚಿದರು, ಮತ್ತೆ ಸುತ್ತಿದರು. “ಹಂಗಾದ್ರ ನಿನ್ನ ಆಟ ಎಷ್ಟರದಾತು?” ಎಂದರು. ಗದರಲಿಲ್ಲ, ಕೇಳಿದರು ಅಷ್ಟೇ.

“ಸದ್ಯಕ್ಕ ಏನೂ ಇಲ್ರಿ” ಎಂದು ಹೇಳಿ ಬೇವಿನ ಮರದ ಕಡೆ ತಿರುಗಿದೆ. ಅಳು ಬಂದಿತ್ತು. ನೀರಿನ ಬಾಟಲಿಗಳು ಅಲ್ಲೇ ಇದ್ದವು, ನನ್ನನ್ನೇ ಕಾಯುತ್ತಿದ್ದವು.

“ಎಲ್ಲಿ ಹೊಂಟಿ?” ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿದೆ. ನವಲಗುಂದದಾಕಿ ಕೈ ಚಾಚಿ ನಿಂತಿದ್ದಳು. ಬೆರಳ ತುದಿಯಲ್ಲ, ಇಡೀ ಕೈ, ಪಂಜ ಹಿಡಿದು ಜಡ್ಡುಗಟ್ಟಿದ ಅಂಗೈ ಮೇಲಾಗಿ. “ಈಗ ನಾ ಜೋಡಿ ಕೇಳ್ತೀನಿ. ಕೊಡ್ತೀಯೋ ಒಲ್ಲೆಂತೀಯೋ?”

ಒಲ್ಲೆ ಎನ್ನುವ ಮನಸ್ಸಾಗಿತ್ತು. ಒಮ್ಮೆ ಎಲ್ಲರ ಮುಂದೆ ಬತ್ತಲಾದದ್ದು ಸಾಲದೇ? ಅವಳ ಕೈ ಕೆಳಗಿಳಿಯಲಿಲ್ಲ. ಚಾಚಿದ ಕೈಗೆ ಎಷ್ಟು ನೋವಾಗುತ್ತದೆಂದು ನನಗಿಂತ ಚೆನ್ನಾಗಿ ಅಲ್ಲಿ ಯಾರಿಗೆ ಗೊತ್ತಿತ್ತು? ಹೋಗಿ ಹಿಡಿದೆ.

“ಬಲಗಡಿಂದನ ಬರ್ತೀನಿ” ಎಂದಳು ಕಿವಿಯಲ್ಲಿ. “ಮದ್ಲ ಹೇಳೀನಿ.”

ಚಪ್ಪಲಿಯ ಗೆರೆಯ ಹಿಂದೆ ನಿಂತೆ. ಚೆಂಡನ್ನು ಹೊಟ್ಟೆಗೆ ಒತ್ತಿ ಹಿಡಿದು, ಒಂದು ಕೈಯ ಬೆರಳನ್ನು ಇನ್ನೊಂದು ಕೈಯ ಬೆರಳಲ್ಲಿ ಸೇರಿಸಿದೆ. ಸೀಟಿ ಕೂಗಿತು. ಓಡಿದೆ. ಅವಳು ಬಲಗಡೆಯಿಂದ ಹೊರಟಳು. ಅವಳ ಹೆಗಲು ತಗ್ಗಿತು. ನನ್ನ ಕೈಗಳು ಸಡಿಲವಾಗುತ್ತಿರುವುದು ಈ ಸಲ ನನಗೆ ತಿಳಿಯಿತು. ಏಯ್, ಎಂದು ನನ್ನ ಕೈಗಳಿಗೇ ಬೈದೆ, ಬಾಯಿ ಬಿಟ್ಟೇ ಬೈದೆ, ಬರೆಯಲು ಬಾರದ ಬೈಗುಳ. ಅಷ್ಟರಲ್ಲಿ ಗೋಡೆ ಬಂದು ಬಿತ್ತು.

ಉಸಿರು ನಿಂತಿತು. ಕಣ್ಣಿಗೆ ಕತ್ತಲೆ. ಎಲುಬಿನ ಸಪ್ಪಳವೇನೂ ಆಗಿರಲಿಲ್ಲ. ಅವಳ ಇಡೀ ಭಾರ ನನ್ನ ಬೆನ್ನ ಮೇಲಿತ್ತು. ಎದೆಯ ಕೆಳಗೆ ಏನೋ ಗಟ್ಟಿಯಾಗಿ ಒತ್ತುತ್ತಿತ್ತು. ಚೆಂಡು! ಚೆಂಡು ನನ್ನ ಬಳಿಯೇ ಇತ್ತು. ಕಣ್ಣು ತೆರೆದರೆ ಎದುರಿಗೆ ಚಪ್ಪಲಿಗಳ ಗೆರೆ, ಕೈಯಳತೆಗೆ ಸ್ವಲ್ಪ ಆಚೆ. ಮೊಣಕೈ ಊರಿದೆ, ಮೊಣಕಾಲು ಊರಿದೆ, ಅವಳನ್ನೂ ಹೊತ್ತುಕೊಂಡು ತೆವಳತೊಡಗಿದೆ.

“ಬಿಡ ಬೇ!” ಎಂದು ಅವಳು ಬೆನ್ನ ಮೇಲಿಂದ ಕೂಗಿದಳು. “ಚೆಂಡು ಬಿಡು!”

“ಬಿಡಂಗಿಲ್ಲ!”

ಸೀಟಿ ಒಮ್ಮೆ ಕೂಗಿತು, ಮತ್ತೊಮ್ಮೆ ಜೋರಾಗಿ ಕೂಗಿತು. “ಪೆನಾಲ್ಟಿ!” ಎಂದರು ಮಾಸ್ತರರು. ಹುಡುಗಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಕಬಡ್ಡಿ ಕಬಡ್ಡಿ ಕಬಡ್ಡಿ” ಎಂದು ಕುಂದಗೋಳದಾಕಿ ತೊಡೆ ತಟ್ಟಿ ಕೂಗುತ್ತಿದ್ದಳು. ನನ್ನ ಬೆನ್ನ ಮೇಲೆ ಬಿದ್ದವಳು ಏಳಲೇ ಇಲ್ಲ. ಅವಳು ಅಲುಗುತ್ತಿದ್ದುದು ನಗುವಿಗೋ ಅಳುವಿಗೋ ನನಗೆ ಕಾಣುತ್ತಿರಲಿಲ್ಲ.

ಮಾಸ್ತರರ ಬೂಟು ನನ್ನ ಮುಖದ ಮುಂದೆ ಬಂದು ನಿಂತಿತು. “ಇಕೀನ ಕರಕೊಂಡು ಹೋಗೂಣು” ಎಂದರು ಮೇಲಿನಿಂದ. “ಬಿಡೂದು ಮತ್ತ ಮೊದಲಿಂದ ಕಲಸಬೇಕು. ಇರ್ಲಿ, ಇನ್ನೂ ವ್ಯಾಳ್ಯಾ ಐತಿ. ಬಿಡವಾ ಈಗರ ಚೆಂಡು.”

ಬಿಡಬೇಕು ಎಂದು ನನಗೂ ಗೊತ್ತಿತ್ತು. ಬಾಯಿ ತುಂಬ ಎರೆ ಮಣ್ಣು, ಕಣ್ಣು ತುಂಬ ನೀರು ಇಟ್ಟುಕೊಂಡು ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ಬಿದ್ದಿದ್ದೆ.